ಮ್ಯೂರೆನ್‌ಗೆ ಎರಡು ಟಿಕೆಟ್

“ನೋಡ್ರಿ, ಚ್ಯಾಷ್ಟಿ ಮಾಡಾಕ ಬಂದಿದ್ರ ಮುಂದಿನ ಅಂಗಡಿಗೆ ಹೋಗ್ರಿ. ನನಗ ಕೆಲಸ ಐತಿ.”

ನೀಲಾಂಬಿಕಾ ತಲೆ ಎತ್ತದೆಯೇ ಹೇಳಿದಳು. ಎದುರಿಗೆ ನಿಂತವನು ಕದಲಲಿಲ್ಲ.

“ಚ್ಯಾಷ್ಟಿ ಅಲ್ರಿ ಅಕ್ಕಾರ, ಖರೇನ ಕೇಳಾಕತ್ತೇನಿ. ಬರ್ಫದ ಮ್ಯಾಲ ಕಾಲಿಗೆ ಪಟ್ಟಿ ಕಟಗೊಂಡು ಜಾರತಾರಲ್ರಿ... ಅದು ನಡಿಯೂ ಊರಿಗೆ ಇಬ್ಬರು ಹೋಗಿಬರೂ ವ್ಯವಸ್ಥಾ ಆಗಬೇಕಾಗಿತ್ತು. ಸ್ವಿಟ್ಜರ್ಲೆಂಡಿಗೆ.”

ಈಗ ಅವಳು ತಲೆ ಎತ್ತಿದಳು.

ಮುಕ್ಕಾಲು ಎತ್ತಿದ ಶಟರಿನ ಕೆಳಗೆ ತಲೆ ಬಗ್ಗಿಸಿಕೊಂಡೇ ಒಳಗೆ ಬರಬೇಕಾದಷ್ಟು ಎತ್ತರದ ಗಂಡಸು. ಮೊಣಕೈವರೆಗೆ ಮಡಚಿದ ಬಿಳಿ ಅಂಗಿ, ಬಿಸಿಲಿಗೆ ಕಂದಿದ ಮುಖ. ಕಣ್ಣಲ್ಲಿ ತಮಾಷೆಯ ಸುಳಿವೇ ಇಲ್ಲ.

ನೀಲಾಳ ಸಿಟ್ಟಿಗೆ ಕಾರಣವಿತ್ತು. ಅವಳ ಅಪ್ಪ ಮಡಿವಾಳೆಪ್ಪ ಇಪ್ಪತ್ತು ವರ್ಷ ಬೈಲಹೊಂಗಲದ ಹಿರಿಯರನ್ನು ಬಸ್ಸಿನಲ್ಲಿ ಕಾಶಿ, ಕೇದಾರ, ಶ್ರೀಶೈಲ ಅಂತ ಸುತ್ತಿಸಿದವನು. ಅವನು ತೀರಿಕೊಂಡ ಮೇಲೆ ಅವನ ಕುರ್ಚಿಯಲ್ಲಿ ಮಗಳು ಕುಳಿತಳು. ಈ ಸಲ ಯುಗಾದಿಗೆ ಬೋರ್ಡಿಗೆ ಹೊಸ ಬಣ್ಣ ಬಳಿಸಿ, ‘ದೇಶ ವಿದೇಶ ಪ್ರವಾಸ’ ಎಂದು ಬರೆಸಿದಳು. ಆ ‘ವಿದೇಶ’ಕ್ಕೆ ಇಡೀ ಬಜಾರು ನಕ್ಕಿತು. ಹೋಗಿ ಬರುವವರೆಲ್ಲ ಒಳಗೆ ಇಣುಕಿ, “ಏನ ತಂಗಿ, ಅಮೇರಿಕಾದ ಬಸ್ಸು ಎಷ್ಟಕ್ಕ ಬಿಡತೈತಿ?” ಎಂದು ಕೇಳಿ ಹೋಗುವುದು ರೂಢಿಯೇ ಆಗಿತ್ತು.

ನಾಲ್ಕು ತಿಂಗಳಲ್ಲಿ ವಿದೇಶಕ್ಕೆ ಅಂತ ಬಂದ ಮೊದಲ ಗಿರಾಕಿ ಇವನು. ಅವನಿಗೆ ಮುಂದಿನ ಅಂಗಡಿಯ ದಾರಿ ತೋರಿಸಿದ್ದಳು ನಮ್ಮ ಜಾಣೆ.

“ಕುಂದರ್ರಿ...” ಎಂದಳು, ಕಿವಿ ಬಿಸಿಯಾಗಿ. “ಮತ್ತ ನನಗ ಅಕ್ಕಾರ ಅನಬ್ಯಾಡ್ರಿ. ನಿಮಗಿಂತ ಸಣ್ಣಾಕಿ ಅದೇನಿ.”

ಅವನು ನಕ್ಕ. ಆ ನಗು ನೋಡಿದ ಗಳಿಗೆಯಲ್ಲೇ ಅವಳ ಕಥೆ ಮುಗಿದಿತ್ತು. ಅವಳಿಗೆ ಮಾತ್ರ ಅದು ಗೊತ್ತಾಗಲು ಹಲವು ವಾರ ಹಿಡಿಯಿತು.

ಹೆಸರು ಬಸವಲಿಂಗ. ಊರು ಸಂಪಗಾಂವ. ಕಬ್ಬಿನ ಹೊಲ, ಸ್ವಂತ ಬೆಲ್ಲದ ಗಾಣ.

“ಹೋಗೂ ಇಬ್ಬರು ಯಾರ್ರಿ?” ಎಂದು ಅವಳು ಕೇಳಿದ್ದಕ್ಕೆ ಅವನು ಸ್ವಲ್ಪ ತಡವರಿಸಿದ. “ಅದನ್ನ ಆಮ್ಯಾಲ ಹೇಳತೇನ್ರಿ. ಮನಿಯೊಳಗ ಹಿರಿಯಾರ ಮಾತು ಇನ್ನಾ ಮುಗದಿಲ್ಲ. ಇಲ್ಲಿ ಹೆಸರು ಬಾಯಿಬಿಟ್ರ ಸಂಜಿಗೆ ಸವದತ್ತಿ ಮುಟ್ಟತೈತಿ. ಜನವರಿಗೆ ಹೋಗಬೇಕು, ಅಷ್ಟ ಬರಕೋರಿ.”

ಅವಳು ಹೊಸ ಫೈಲು ತೆಗೆದಳು. ‘ಪ್ರಯಾಣಿಕರು’ ಎಂಬಲ್ಲಿ ಎರಡು ಗೆರೆ ಖಾಲಿ ಬಿಟ್ಟಳು.

ಅಂದಿನಿಂದ ಅವಳ ಸಂಜೆಗಳೆಲ್ಲ ಹಿಮದಲ್ಲಿ ಕಳೆದವು. ಅವಳೇನು ಹಿಮ ಮುಟ್ಟಿದವಳಲ್ಲ. ಹದಿನಾಲ್ಕರ ವಯಸ್ಸಿನಲ್ಲಿ ಅಪ್ಪನ ಜೊತೆ ಕೇದಾರಕ್ಕೆ ಹೋದಾಗ ದೂರದ ಶಿಖರದ ಮೇಲೆ ಬೆಳ್ಳಗೆ ಕಂಡದ್ದಷ್ಟೇ. ಈಗ ವಿಡಿಯೋ ನೋಡಿದಳು, ನಕಾಶೆ ಓದಿದಳು, ಯಾವ ಊರಲ್ಲಿ ಹೊಸಬರಿಗೆ ಸ್ಕೀಯಿಂಗ್ ಕಲಿಸುತ್ತಾರೆಂದು ಪತ್ರ ಬರೆದು ಕೇಳಿದಳು.

ಬಸವಲಿಂಗ ವಾರಕ್ಕೊಮ್ಮೆ ಬರುತ್ತಿದ್ದ. ಮೊದಲು ಒಂದು ದೊಡ್ಡ ಊರು ಆರಿಸಿದ. ಮುಂದಿನ ವಾರ, “ಅದು ಬ್ಯಾಡ್ರಿ, ಭಾಳ ಗದ್ದಲ ಇರಬೇಕು” ಎಂದ. ಎರಡನೆಯದು ಸರೋವರದ ಪಕ್ಕದ ಊರು. ಅದೂ ಬೇಡವಾಯಿತು. ಮೂರನೆಯದೂ ಯಾಕೋ ಹಿಡಿಸಲಿಲ್ಲ. ಬೇರೆ ಗಿರಾಕಿಯಾಗಿದ್ದರೆ ನೀಲಾ ಫೈಲು ಅವನ ಮುಂದೆ ಒಗೆಯುತ್ತಿದ್ದಳು. ಇವನಿಗೆ ಮಾತ್ರ, “ಇರಲಿ ಬಿಡ್ರಿ, ಇನ್ನೊಂದು ನೋಡೂಣು” ಎಂದು ಚಹ ಹೇಳುತ್ತಿದ್ದಳು. ಒಂದು ಫೋನಿನಲ್ಲಿ ಮುಗಿಯುವ ಮಾತನ್ನು ಬೇಕೆಂದೇ ಉಳಿಸಿ, “ಅದನ್ನ ಬರೂ ವಾರ ನೋಡೂಣು ಬಸವಲಿಂಗ ಅವರ” ಎನ್ನುವ ಜಾಣತನವನ್ನೂ ಕಲಿತಳು.

ನಾಲ್ಕನೆಯ ಊರು ಮ್ಯೂರೆನ್.

“ಆ ಊರಾಗ ಕಾರ ಇಲ್ಲ,” ಎಂದು ಅವಳು ಪರದೆಯನ್ನು ಅವನ ಕಡೆ ತಿರುಗಿಸಿದಳು. “ಕೆಳಗಿನ ಕಣಿವಿಯಿಂದ ತಂತಿ ಮ್ಯಾಲ ತೂಗೂ ಡಬ್ಬಿಯೊಳಗ ಕುಂತು ಮ್ಯಾಲ ಹೋಗೂದು. ಅಲ್ಲಿಂದ ಒಂದು ಸಣ್ಣ ರೈಲು. ಎಲ್ಲಾ ಹಳೇ ಕಟಗಿ ಮನಿ. ಮಾಡಿನ ಮ್ಯಾಲ ಮಾರುದ್ದ ಹಿಮ ಕುಂತಿರತೈತಿ. ಮುಂಜಾನೆ ಕಿಡಕಿ ತಗದ್ರ ಎದರಿಗೇ ಮೂರು ದೊಡ್ಡ ಶಿಖರ. ನಡದ್ರ ಬೂಟಿನ ಸಪ್ಪಳ ಬಿಟ್ರ ಬ್ಯಾರೆ ಸಪ್ಪಳಿಲ್ಲ...”

“ನೀವು ಹೋಗಿ ಬಂದಾರಂಗ ಹೇಳತೀರಿ.”

“ನಾ ಎಲ್ಲಿ ಹೋಗಲ್ರಿ? ಮಂದೀನ ಕಳಸೂದು ನನ್ನ ಕೆಲಸ.”

“ಹೋಗಬೇಕು ಅನಸತೈತೇನು?”

ನೀಲಾ ಪರದೆಯನ್ನು ತನ್ನ ಕಡೆ ತಿರುಗಿಸಿಕೊಂಡಳು. ಆರು ವರ್ಷದಲ್ಲಿ ಆ ಕುರ್ಚಿಯಿಂದ ಅವಳು ಕಳಿಸಿದವರ ಲೆಕ್ಕವಿಲ್ಲ. ನಿನಗೂ ಹೋಗಬೇಕೆನಿಸುತ್ತದೆಯೇ ಎಂದು ಈವರೆಗೆ ಒಬ್ಬರೂ ಕೇಳಿರಲಿಲ್ಲ. ಅವಳು ಕೀಬೋರ್ಡ್ ಒತ್ತಿದಳು.

“ಎರಡು ಖೋಲಿ ಅದಾವ್ರಿ. ಒಂದು ಬೀದಿ ಕಡೆ, ಒಂದು ಶಿಖರದ ಕಡೆ.”

“ನಿಮಗ ಯಾವುದು ಸೇರತೈತಿ?”

“ನನ್ನ ಕೇಳಿ ಏನ ಮಾಡತೀರಿ?”

“ಹೇಳ್ರಲಾ.”

“ಶಿಖರದ ಕಡೇದು...”

“ಅದ ಇರಲಿ,” ಎಂದ. ಒಂದು ಕ್ಷಣವೂ ಯೋಚಿಸಲಿಲ್ಲ.

ಆ ಸಂಜೆ ಶಟರು ಎಳೆಯುವಾಗ ಅವಳಿಗೆ ತಿಳಿಯಿತು. ‘ಅಯ್ಯೋ ಶಿವನೇ... ನಾ ಇಂವನ ದಾರಿ ಕಾಯಾಕತ್ತೇನಿ.’ ತಿಳಿದ ಮೇಲೆ ಅದು ಇನ್ನೂ ಹೆಚ್ಚಾಯಿತು. ಅವನು ಬರುವ ದಿನ ಒಂದು ತಾಸು ಮೊದಲೇ ಶಟರು ಎತ್ತುತ್ತಿದ್ದಳು. ಒಂದು ದಿನ ಕಾಶಿಯಾತ್ರೆಯ ಪಟ್ಟಿ ಮಾಡುತ್ತ, ಎಪ್ಪತ್ತು ವರ್ಷದ ಕಾಡವ್ವನ ಹೆಸರಿನ ಮುಂದೆ ‘ಸ್ಕೀ ಬೂಟು’ ಎಂದು ಬರೆದಿದ್ದಳು. ಫೈಲಿನ ಎರಡನೆಯ ಖಾಲಿ ಗೆರೆಯ ಮೇಲೆ ಪೆನ್ಸಿಲಿನಿಂದ ತಾನೇ ‘ಬಸವಲಿಂಗ’ ಎಂದು ಬರೆದಿಟ್ಟಳು. ಮೊದಲನೆಯದರಲ್ಲಿ ಯಾರ ಹೆಸರು ಬರುವುದೋ ಎಂದು ಯೋಚಿಸುವ ಧೈರ್ಯವಾಗಲಿಲ್ಲ. ಗೆಳೆಯನಿರಬಹುದು, ತಮ್ಮನಿರಬಹುದು...

ದಸರಾ ಮುಗಿದ ವಾರ ಅವನು ಒಂದು ಪಾಸ್‌ಪೋರ್ಟ್ ಪ್ರತಿ ತಂದ.

“ಒಂದು ಬಂತ್ರಿ. ಇನ್ನೊಂದಕ್ಕ ಪೊಲೀಸರ ತಪಾಸಣಿ ಬಾಕಿ ಐತಿ.”

ಚಿತ್ರದಲ್ಲಿ ಇಪ್ಪತ್ಮೂರರ ಹುಡುಗಿ. ಸಪ್ನಾ. ಮೂಗಿನ ಮೇಲೆ ಸಣ್ಣ ನತ್ತು, ದೊಡ್ಡ ಕಣ್ಣು.

“ಇಕಿ... ನಿಮಗ ಏನಾಗಬೇಕ್ರಿ?”

“ನಮ್ಮ ಅಕ್ಕನ ಮಗಳು.”

ಬೇರೆ ಸೀಮೆಯಲ್ಲಿ ಅದು ಒಂದು ಸಂಬಂಧದ ಹೆಸರಷ್ಟೇ ಆಗಿರಬಹುದು. ಈ ಕಡೆ ಹಾಗಲ್ಲ. ಸೋದರಮಾವ ಮದುವೆಯಾಗದೆ ಕುಳಿತಿದ್ದಾನೆ, ಅಕ್ಕನಿಗೆ ಮಗಳಿದ್ದಾಳೆ ಎಂದರೆ ಲಗ್ನಪತ್ರಿಕೆ ಅರ್ಧ ಅಚ್ಚಾದಂತೆಯೇ. ಯಾರೂ ಬಿಡಿಸಿ ಕೇಳುವುದಿಲ್ಲ, ಯಾರೂ ಬಿಡಿಸಿ ಹೇಳುವುದೂ ಇಲ್ಲ.

“ಲಗ್ನ ಯಾವಾಗ್ರಿ?” ಎಂದು ಕೇಳಿದ್ದು ತನ್ನದೇ ದನಿಯೇ ಎಂದು ಅವಳಿಗೆ ಅನುಮಾನವಾಯಿತು.

“ಡಿಸೆಂಬರ ಮದಲನೇ ವಾರದಾಗ. ಅಕ್ಕನ್ನ ಒಪ್ಪಸೂದರಾಗ ಸಾಕಾಗಿ ಹೋತ್ರಿ. ಲಗ್ನ ಆದ ಮ್ಯಾಲ ನಾ ಕಳಸಾಕತ್ತಿದ್ದು ಎಲ್ಲಿಗೆ ಅಂತ ಕೇಳಿದ್ರ ಊರ ಮಂದಿ ಮೂಗಿನ ಮ್ಯಾಲ ಬೆರಳ ಇಡಬೇಕು ನೋಡ್ರಿ.”

‘ಕಳಸಾಕತ್ತಿದ್ದು’ ಎಂದ ಮಾತು ಅವಳ ಕಿವಿಗೆ ಬಿದ್ದಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ‘ಲಗ್ನ’ ಎನ್ನುವ ಒಂದೇ ಮಾತು ಅವಳ ಕಿವಿ ತುಂಬಿ ನಿಂತಿತ್ತು.

“ಛಲೋ ಆತ್ರಿ,” ಎಂದು ನಕ್ಕಳು. ಆ ನಗುವಿಗೆ ಪಟ್ಟ ಕಷ್ಟ ಅವಳಿಗೊಬ್ಬಳಿಗೇ ಗೊತ್ತು.

ಆಮೇಲಿನ ವಾರಗಳ ಬಗ್ಗೆ ಏನು ಹೇಳಲಿ? ತಾನು ಪ್ರೀತಿಸಿದವನ ಮಧುಚಂದ್ರಕ್ಕೆ ತಾನೇ ಹಾಸಿಗೆ ಆರಿಸುವುದು ಹೇಗಿರುತ್ತದೆ ಎಂದು ಯಾರಿಗೂ ತಿಳಿಯದಿರಲಿ. ನೀಲಾ ಕೆಲಸದಲ್ಲಿ ಕೂದಲೆಳೆಯಷ್ಟೂ ಮೋಸ ಮಾಡಲಿಲ್ಲ. ಆ ಹುಡುಗಿಗೆ ಚಳಿ ತಾಗಬಾರದೆಂದು ಉಣ್ಣೆಯ ಬಟ್ಟೆಯ ಪಟ್ಟಿ ಬರೆದಳು. ಅಲ್ಲಿ ಬೆಳಿಗ್ಗೆ ಬ್ರೆಡ್ಡು, ಚೀಸು ಬಿಟ್ಟರೆ ಬೇರೇನೂ ಸಿಗದೇ ಹೋದೀತೆಂದು, ‘ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ’ ಎಂದು ಸೇರಿಸಿದಳು. ಸ್ಕೀಯಿಂಗ್‌ಗೂ ಅನ್ವಯಿಸುವ ವಿಮೆಯನ್ನೇ ಹುಡುಕಿ ತೆಗೆದಳು.

“ಸಾದಾ ವಿಮಾ ಆಗಂಗಿಲ್ಲ ಬಸವಲಿಂಗ ಅವರ. ಜಾರಿ ಬಿದ್ದು ಕಾಲು ಮುರಕೊಂಡ್ರ ಅದರಾಗ ಏನೂ ಬರಂಗಿಲ್ಲ.”

“ಕಾಲು ಮುರಿತಾವೇನ್ರಿ?”

“ಜ್ವಾಕಿ ಮಾಡಿದ್ರ ಇಲ್ಲ. ಮದಲನೇ ಎರಡು ದಿನ ಮಾಸ್ತರ ಹತ್ರ ಕಲೀಬೇಕು. ಆತುರ ಮಾಡಬಾರದು.” ಅವಳ ದನಿ ತಗ್ಗಿತು. “ಒಬ್ಬರ ಕೈ ಒಬ್ಬರು ಹಿಡಕೋಬಾರದಂತ. ಇಬ್ಬರೂ ಬೀಳತಾರಂತ.”

ಅವನು ಅವಳನ್ನೇ ನೋಡಿದ. ಅವಳು ಪರದೆ ನೋಡಿದಳು.

ಮನೆಯಲ್ಲಿ ತಾಯಿ ಸಾವಿತ್ರೆವ್ವ ಒಂದು ವರ್ಷದಿಂದ ರಾಮದುರ್ಗದ ಸಂಬಂಧವೊಂದನ್ನು ಹಿಡಿದು ಕುಳಿತಿದ್ದಳು. ಅರಿವೆ ಅಂಗಡಿಯ ಮನೆತನ, ಹುಡುಗ ಒಳ್ಳೆಯವನೇ. ನೀಲಾ ಎರಡು ಸಲ ಮುಂದೂಡಿದ್ದಳು.

“ಅವ್ವಾ, ರಾಮದುರ್ಗದವರಿಗೆ ಹ್ಞೂಂ ಅಂತ ಹೇಳು,” ಎಂದಳು ಒಂದು ಸಂಜೆ, ರೊಟ್ಟಿ ತಟ್ಟುತ್ತಿದ್ದ ತಾಯಿಯ ಬೆನ್ನಿಗೆ.

ಸಾವಿತ್ರೆವ್ವ ತಿರುಗಿದಳು. “ಮನಸಿನಿಂದ ಹೇಳತೀಯೇನವಾ?”

“ಹ್ಞೂಂ.”

ಕಣ್ಣಿಗೆ ಹೊಗೆ ಹೋಗಿದೆ ಎಂದು ನೆಪ ಹೇಳಲು ಗ್ಯಾಸಿನ ಒಲೆಯಲ್ಲಿ ಹೊಗೆಯೂ ಇರಲಿಲ್ಲ. ಅವಳು ಎದ್ದು ಹೊರಗೆ ಹೋದಳು. ನಿಶ್ಚಯಕ್ಕೆ ನವೆಂಬರಿನ ಒಂದು ರವಿವಾರ ಗೊತ್ತಾಯಿತು.

ಆ ರವಿವಾರಕ್ಕೆ ಎರಡು ದಿನ ಮೊದಲು, ಶುಕ್ರವಾರ, ಬಸವಲಿಂಗ ಒಂದು ಮಡಚಿದ ಚೀಟಿ ಹಿಡಿದು ಬಂದ. ಬೂಟು, ಪಟ್ಟಿಗಳನ್ನು ಬಾಡಿಗೆಗೆ ಕೊಡುವ ಅಲ್ಲಿನ ಅಂಗಡಿಗೆ ಇಬ್ಬರ ಎತ್ತರ, ತೂಕ, ಕಾಲಿನ ಅಳತೆ ಮೊದಲೇ ಕಳಿಸಬೇಕಿತ್ತು. ಬುತ್ತಿ ತಂದಿದ್ದ ಸಾವಿತ್ರೆವ್ವ ಅಲ್ಲೇ ಕುಳಿತಿದ್ದಳು.

“ಬರ್ರಿ, ಕುಂದರ್ರಿ,” ಎಂದು ಅವಳೇ ಮಾತು ತೆಗೆದಳು. “ಇನ್ನ ನಮ್ಮ ನೀಲಾ ಭಾಳ ದಿನ ಇಲ್ಲಿ ಕುಂದರಾಂಗಿಲ್ರಿ. ರವಿವಾರ ರಾಮದುರ್ಗದವರು ನಿಶ್ಚಯಕ್ಕ ಬರಾಕತ್ತಾರ.”

ಬಸವಲಿಂಗನ ಕೈ ಚೀಟಿಯ ಸಮೇತ ಮೇಜಿನ ಮೇಲೆ ಹಾಗೇ ನಿಂತಿತು.

“ಹೌದ್ರಿ?” ಎಂದ. ಚೀಟಿ ಬಿಟ್ಟು ಕೈ ಹಿಂದೆ ತೆಗೆದು, “ಛಲೋ ಆತ್ರಿ...” ಎಂದ.

ಚಹ ಬರುವ ಮೊದಲೇ ಎದ್ದ. ಹೋಗುವಾಗ ತಲೆ ಬಗ್ಗಿಸಲು ಮರೆತು ಶಟರಿಗೆ ಹಣೆ ಬಡಿದುಕೊಂಡ. ತಿರುಗಿ ನೋಡದೇ ಹೋದ.

ನೀಲಾ ಆ ಚೀಟಿಯನ್ನು ಅಂದು ಬಿಚ್ಚಲಿಲ್ಲ. ಶನಿವಾರ ಬೆಳಿಗ್ಗೆ, ಇದೊಂದು ಮುಗಿಸಿಬಿಟ್ಟರೆ ಅವನ ಋಣ ಮುಗಿಯಿತು ಎಂದು ಬಿಚ್ಚಿದಳು.

‘ಸಪ್ನಾ. ಐದು ಅಡಿ ಮೂರು ಇಂಚು. ನಲವತ್ತೆಂಟು ಕಿಲೋ. ಬೂಟು ಐದು ನಂಬರ್.’ ತುಂಬಿದಳು.

‘ಹುಡುಗ. ಐದು ಅಡಿ ಐದು ಇಂಚು. ಐವತ್ತೆಂಟು ಕಿಲೋ. ಬೂಟು ಏಳು ನಂಬರ್.’

ಅವಳ ಬೆರಳು ನಿಂತಿತು.

ಐದು ಅಡಿ ಐದು ಇಂಚಿನ ಮನುಷ್ಯ ಆ ಶಟರಿಗೆ ಹಣೆ ಬಡಿದುಕೊಳ್ಳಲು ಸಾಧ್ಯವೇ? ಐವತ್ತೆಂಟು ಕಿಲೋ ಅಂತೆ. ಅವನು ಕುಳಿತಾಗಲೆಲ್ಲ ಗಿರಾಕಿಗಳ ಆ ಹಳೆಯ ಕುರ್ಚಿ ಕಿರ್ ಎನ್ನುತ್ತಿತ್ತಲ್ಲ... ‘ಹುಡುಗ’ ಅಂತ ಬರೆದಿದ್ದಾನೆ. ತನ್ನನ್ನು ತಾನು ಯಾರಾದರೂ ಹಾಗೆ ಬರೆದುಕೊಳ್ಳುತ್ತಾರೆಯೇ?

ಒಂದು ಫೋನು ಮಾಡಿ ಕೇಳಿದ್ದರೆ ಆಗುತ್ತಿತ್ತು. ಅಳತೆಯ ವಿಷಯ, ಎದುರಿಗೇ ಕೇಳಿದರೆ ಒಳ್ಳೆಯದು ಎಂದು ತನಗೆ ತಾನೇ ಹೇಳಿಕೊಂಡು ನೀಲಾ ಸ್ಕೂಟಿ ಹತ್ತಿದಳು. ಸಂಪಗಾಂವದ ದಾರಿಯುದ್ದಕ್ಕೂ ಕಬ್ಬಿನ ಗಾಡಿಗಳು ಅಡ್ಡ ಬಂದವು. ಅವಳಿಗೆ ಒಂದೂ ಕಾಣಲಿಲ್ಲ.

ಗಾಣದಲ್ಲಿ ಕೊಪ್ಪರಿಗೆ ಕುದಿಯುತ್ತಿತ್ತು. ಹಬೆಯ ನಡುವೆ ನಿಂತಿದ್ದ ಬಸವಲಿಂಗ ಅವಳನ್ನು ಕಂಡು ಕೈಯಲ್ಲಿದ್ದ ಸೌಟನ್ನು ಆಳಿನ ಕೈಗೆ ಕೊಟ್ಟು ಈಚೆ ಬಂದ. ಹಣೆಯ ಮೇಲೆ ನಿನ್ನೆಯ ಗಾಯ ಊದಿತ್ತು.

“ಈ ಅಳತಿ ಯಾರದು?” ನೀಲಾ ಚೀಟಿ ಚಾಚಿದಳು.

“ಹುಡುಗಂದು.”

“ಯಾವ ಹುಡುಗಂದು?”

“ಸಪ್ನಾನ ಮದುವಿ ಆಗೂ ಹುಡುಗಂದ್ರಿ. ಮಾಂತೇಶ ಅಂತ. ಸವದತ್ತಿಯೊಳಗ ಸಾಲಿಯ ಆಟದ ಮಾಸ್ತರ. ಪಾಸ್‌ಪೋರ್ಟ ನಿನ್ನೆ ಬಂದೈತಿ, ಕೊಡಬೇಕಂತ ತಂದಿದ್ದೆ... ಮರತು ಬಂದೆ.” ಅವನು ಅವಳ ಮುಖ ನೋಡಿದ. “ಯಾರದು ಅನಕೊಂಡಿದ್ರಿ?”

ನೀಲಾ ಚೀಟಿ ಮಡಚಿದಳು. ಅಲ್ಲೇ ಕಬ್ಬಿನ ರಾಶಿಯ ಮೇಲೆ ಕುಳಿತಳು.

“ನಿಮ್ಮದು.”

“ನಂದಾ?”

“ಅಕ್ಕನ ಮಗಳು ಅಂದ್ರೆಲ್ಲ ನೀವು... ಲಗ್ನ ಅಂದ್ರಿ...”

ಆಗ ಅವನಿಗೆ ಎಲ್ಲ ಅರ್ಥವಾಯಿತು. ಅವನೂ ಒಂದಿಷ್ಟು ದೂರ ಬಿಟ್ಟು ಅದೇ ರಾಶಿಯ ಮೇಲೆ ಕುಳಿತ.

“ಆಕಿ ತೊಟ್ಟಿಲದಾಗ ಇದ್ದಾಗ ಹಿರಿಯಾರು ಹಂಗ ಮಾತಾಡಿದ್ದು ಖರೆ. ಆದರ ನಾ ಆಕಿನ್ನ ಎತ್ತಿ ಆಡಿಸೇನ್ರಿ, ನನಗ ಆಕಿ ಇನ್ನಾ ಕೂಸ. ಆಕಿ ಮಾಂತೇಶನ್ನ ಮೆಚ್ಚಿ ನನ್ನ ಮುಂದ ಬಂದು ಅತ್ಲು. ನಾನ ಅಕ್ಕನ ಕಾಲು ಹಿಡದು ಒಪ್ಪಿಸಿದೆ. ಮಾಮಾನ ಬ್ಯಾಡ ಅಂದಾ ಅಂದ್ರ ಹುಡುಗ್ಯಾಗ ಏನೋ ಐಬ ಐತಿ ಅಂತಾರ ಮಂದಿ. ಹಂಗ ಆಗಬಾರದು, ಮಾಮಾ ಖುಷಿಲೇ ಕೊಟ್ಟು ಕಳಿಸ್ಯಾನ ಅಂತ ಊರಿಗೆ ತಿಳೀಬೇಕಾಗಿತ್ತು. ಸಣ್ಣಾಕಿದ್ದಾಗಿಂದ ಬರ್ಫದ ಹುಚ್ಚು ಆಕಿಗೆ. ಅದಕ್ಕ ಇದು.” ಅವನು ಕೊಪ್ಪರಿಗೆಯ ಕಡೆ ಕೈ ಮಾಡಿದ. “ಜನವರಿಯೊಳಗ ಗಾಣಾ ಬಿಟ್ಟು ನಾ ಎಲ್ಲಿ ಹೋಗಲ್ರಿ?”

ನೀಲಾ ಕೊಪ್ಪರಿಗೆಯ ಕಡೆ ನೋಡಿದಳು. ಎಷ್ಟು ಸಂಜೆ ಅತ್ತಿದ್ದಳು... ಕೇಳಿದ್ದರೆ ಒಂದು ಮಾತಿನಲ್ಲಿ ಮುಗಿಯುತ್ತಿತ್ತು.

“ನಾಕು ತಿಂಗಳಾತು. ನಾಕು ಊರು ನೋಡಿದ್ವಿ. ಒಮ್ಮೆರ ಹೇಳಲಿಲ್ಲ ನೀವು.”

“ಊರು ಬದಲಿ ಮಾಡಿದ್ದು ಸಪ್ನಾ ಅಲ್ರಿ, ನಾನ. ಆಕಿಗೆ ಯಾವ ಊರಾದ್ರೂ ನಡೀತಿತ್ತು.” ಅವನು ತನ್ನ ದೊಡ್ಡ ಕೈಗಳನ್ನು ನೋಡಿಕೊಂಡ. “ಊರು ಗೊತ್ತಾದ್ರ ನಿಮ್ಮ ಹಂತೇಕ ಬರೂ ನೆವಾ ತಪ್ಪತಿತ್ತು.”

ಅವಳು ಅವನ ಕಡೆ ತಿರುಗಿದಳು.

“ಮತ್ತ ಯಾಕ ಸುಮ್ಮನಿದ್ರಿ?”

“ಸಪ್ನಾನ ಲಗ್ನಕ್ಕಿಂತ ಮದಲ ನನ್ನ ಮಾತು ಹೊರಗ ಬಿದ್ದಿದ್ರ, ಈಕಿ ಸಲುವಾಗಿ ಅಕ್ಕನ ಮಗಳನ್ನ ಬಿಟ್ಟಾ ಅಂತಿದ್ರು. ನಿಮ್ಮ ಹೆಸರು ಮಂದಿ ಬಾಯಾಗ ಬೀಳತಿತ್ತು. ಡಿಸೆಂಬರ ಮಟಾ ತಡದ್ರ ಆತು, ಆಮ್ಯಾಲ ನಿಮ್ಮ ಅವ್ವಾರ ಹಂತೇಕ ಬರೂಣು ಅನಕೊಂಡಿದ್ದೆ. ನಿನ್ನೆ ಅವರು ರಾಮದುರ್ಗದವರು ಅಂದ್ರು...”

ಅವನು ಹಣೆಯ ಗಾಯ ಮುಟ್ಟಿಕೊಂಡ.

“ನಾಳೆ ಬರತಾರ ಅವರು,” ಎಂದಳು ನೀಲಾ.

“ಗೊತ್ತೈತ್ರಿ.”

“ಬರಬ್ಯಾಡ್ರಿ ಅಂತ ನಾ ಹೇಳಿದ್ರ?”

ಅವನು ತಲೆ ಅಲ್ಲಾಡಿಸಿದ. “ಹೇಳ್ರಿ ಅಂತ ನಾ ಅನ್ನಾಂಗಿಲ್ಲ. ಅದು ನಿಮ್ಮ ಮಾತು. ನಿಮ್ಮ ಮ್ಯಾಲ ನನಗ ಜೀವಾ ಐತಿ, ಅಷ್ಟ ನಾ ಹೇಳಬಲ್ಲೆ.”

ನೀಲಾ ಫೋನು ತೆಗೆದಳು. ತಾಯಿಯ ನಂಬರ್ ಒತ್ತಿದಳು.

“ಅವ್ವಾ... ರಾಮದುರ್ಗದವರಿಗೆ ನಾಳೆ ಬರಬ್ಯಾಡ್ರಿ ಅಂತ ಹೇಳು.”

“ಏನಂದಿ?” ಸಾವಿತ್ರೆವ್ವನ ದನಿ ಬಸವಲಿಂಗನಿಗೂ ಕೇಳಿಸುತ್ತಿತ್ತು. “ತಲಿ ಕೆಟ್ಟೈತೇನವಾ? ಎಲ್ಲಿದ್ದಿ ನೀನು?”

“ಸಂಪಗಾಂವದಾಗ. ನನ್ನ ಮನಸು ಇಲ್ಲಿ ಐತಿ ಅವ್ವಾ. ಅದನ್ನ ಮುಚ್ಚಿಟ್ಟು ನಾ ಅಲ್ಲಿಗೆ ಹೋದ್ರ ಆ ಹುಡುಗಗ ಮೋಸ ಮಾಡಿದಂಗ ಆಕ್ಕೈತಿ.”

ಆ ಕಡೆ ಪಾತ್ರೆ ಕೆಳಗಿಟ್ಟ ಸದ್ದು ಕೇಳಿಸಿತು.

“ಯಾರು? ಹೆಸರ ಹೇಳು.”

ನೀಲಾ ಬಾಯಿ ತೆರೆದಳು.

ಆ ಹೆಸರನ್ನು ಅವಳು ಫೈಲಿನ ಮೇಲೆ ಬರೆದಿದ್ದಳು, ರಸೀದಿಯಲ್ಲಿ ಬರೆದಿದ್ದಳು, ನಾಲ್ಕು ತಿಂಗಳು ಅವನು ಬಂದಾಗಲೆಲ್ಲ ಹತ್ತು ಸಲ ಕರೆದಿದ್ದಳು. ಈಗ ಅದು ಗಂಟಲವರೆಗೆ ಬಂದು ನಿಂತುಬಿಟ್ಟಿತು. ಈ ಸೀಮೆಯ ಹೆಂಗಸರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗಂಡನ ಹೆಸರು ಬಾಯಲ್ಲಿ ಬರುವುದಿಲ್ಲ. ಸಾವಿತ್ರೆವ್ವನೇ ಮೂವತ್ತೈದು ವರ್ಷ ಮಡಿವಾಳೆಪ್ಪನ ಹೆಸರು ಹೇಳಿದವಳಲ್ಲ, ಮನೆಗೆ ಯಾರು ಬಂದು ಕೇಳಿದರೂ ಮಗಳ ಕಡೆ ಕೈ ತೋರಿಸುತ್ತಿದ್ದಳು. ಹೆಸರು ಹೇಳಬಾರದೆಂದು ನೀಲಾ ನಿಶ್ಚಯಿಸಿರಲಿಲ್ಲ. ಅವಳಿಗೆ ಹೇಳದೆಯೇ ಅವಳ ನಾಲಿಗೆ ನಿಶ್ಚಯಿಸಿತ್ತು.

“ಹೆಸರ ಕೇಳಿದ್ನೆಲ್ಲ?”

ನೀಲಾ ಫೋನನ್ನು ಅವನ ಕಡೆ ಚಾಚಿದಳು. “ನೀವ ಹೇಳ್ರಿ.”

ಅವನು ತೆಗೆದುಕೊಂಡ. “ಯವ್ವಾ... ನಾ ಬಸವಲಿಂಗ ಮಾತಾಡಾಕತ್ತೇನ್ರಿ.”

ಕಬ್ಬಿನ ಗಾಡಿಯೊಂದು ಬಂದು ನಿಂತಿತು. ಎತ್ತುಗಳ ಗೆಜ್ಜೆಯ ಸದ್ದು ನಿಂತ ಮೇಲೆ ಸಾವಿತ್ರೆವ್ವನ ದನಿ ಬಂತು.

“ನನ್ನ ಮಗಳು ನಿಮ್ಮ ಹೆಸರ ಹೇಳಲಿಲ್ಲೇನು?”

“ಇಲ್ರಿ.”

“ಹಂಗಾದ್ರ ನಾ ಕೇಳೂದು ಏನೂ ಉಳೀಲಿಲ್ಲ ಬಿಡ್ರಿ. ರಾಮದುರ್ಗಕ್ಕ ನಾ ಮಾತಾಡತೇನಿ.” ದನಿ ಸ್ವಲ್ಪ ಒಡೆಯಿತು. “ಆಕಿಗೆ ಊಟಾ ಮಾಡಿಸಿ ಕಳಸ್ರಿ. ಮುಂಜಾನೆಯಿಂದ ಏನೂ ತಿಂದಿಲ್ಲ.”

ಫೋನು ಕೈಯಲ್ಲಿ ಹಿಡಿದು ಬಸವಲಿಂಗ ಅವಳ ಕಡೆ ತಿರುಗಿದ. ನೀಲಾ ಕಣ್ಣು ಒರೆಸಿಕೊಳ್ಳುತ್ತಿದ್ದಳು.

“ನಿನ್ನೆ ಮಟಾ ಹೆಸರು ಹಿಡದು ಕರೀತಿದ್ರಿ,” ಎಂದ ಮೆಲ್ಲಗೆ.

“ನಿನ್ನೆ ಮಟಾ ನೀವು ಗಿರಾಕಿ ಇದ್ರಿ.”

“ಮತ್ತ ಈಗ? ಹೆಂಗ ಕರೀತೀರಿ?”

ಅವಳು ನೆಲ ನೋಡಿದಳು. ಕುದಿಯುವ ಬೆಲ್ಲದ ವಾಸನೆ ಅವರಿಬ್ಬರ ಸುತ್ತಲೂ ತುಂಬಿತ್ತು. ಅವಳ ತುಟಿ ಅಲುಗಿದವು.

“ಏನ್ರೀ...”

“ಓ,” ಎಂದ ಬಸವಲಿಂಗ.